ಮುಂಡರಗಿಯ ಕಾಮನ್ ಐಡಿ

8 ಸೆಪ್ಟೆಂಬರ್ 2025, ಸೋಮವಾರ

ಆಫೀಸಿನ ಬಾಗಿಲು ತೆಗೆಯುವುದಕ್ಕೂ ಲಕ್ಷ್ಮೇಶ್ವರ ಶಾಖೆಯ ಫೋನ್ ಬರುವುದಕ್ಕೂ ಸರಿಹೋಯಿತು. 'ಮೇಡಂ, ಬ್ರಾಂಚ್ ಮೇಲ್ ಕಾಣವಲ್ದು. ಶನಿವಾರ ಇತ್ತು, ಇವತ್ತಿಲ್ಲ.' ಎಲ್ಲೂ ಹೋಗಿಲ್ಲ, ಇಲ್ಲೇ ಇದೆ ಎಂದೆ. 'ಕಾಣದಿದ್ರ ಇದ್ದಂಗ ಹೆಂಗ್ರಿ?'

ನಿನ್ನೆ ರಾತ್ರಿ ಶಾಖೆಯವರೆಲ್ಲರ ಸ್ವಂತ ಮೇಲ್‌ಬಾಕ್ಸುಗಳನ್ನು ಕ್ಲೌಡಿಗೆ ಸಾಗಿಸಿದ್ದೇವೆ. ಶಾಖೆಯ ಕಾಮನ್ ಐಡಿ ಮಾತ್ರ ಇಲ್ಲೇ, ನಮ್ಮ ಸಹಕಾರ ಸಂಘದ ಗದಗಿನ ಹೆಡ್ ಆಫೀಸಿನ ಸರ್ವರಿನಲ್ಲಿ ಉಳಿದಿದೆ. ಜನವೂ ಈ ಮೇಲ್ ಡಬ್ಬಿಯೂ ಒಂದೇ ಕಡೆ ಇದ್ದಾಗ, ಪರ್ಮಿಷನ್ ಕೊಟ್ಟರೆ ಸಾಕು, ಡಬ್ಬಿ ಔಟ್‌ಲುಕ್ಕಿನ ಎಡಗಡೆ ತಾನಾಗಿ ಬಂದು ಕೂರುತ್ತಿತ್ತು. ಒಬ್ಬರು ಅತ್ತ, ಇನ್ನೊಂದು ಇತ್ತ ಆದರೆ ಆ ಆಟೋಮ್ಯಾಪಿಂಗ್ ನಡೆಯುವುದಿಲ್ಲ. ಹಕ್ಕು ಹೋಗಿಲ್ಲ. ಕೈಯಿಂದ ಸೇರಿಸಿಕೊಳ್ಳಬೇಕು.

ಮಧ್ಯಾಹ್ನವೆಲ್ಲ ಒಬ್ಬೊಬ್ಬರ ಸ್ಕ್ರೀನು ಹಿಡಿದು ಅದೇ ಕೆಲಸ. ಕ್ಯಾಷಿಯರ್ ಅಕ್ಕ ಮಾತ್ರ ಕೇಳಿದರು: 'ಮೊದಲ ಹೇಳಿದ್ರ ಏನಾಗ್ತಿತ್ತು?' ಹೇಳಿದ್ದೆವು. ಸುತ್ತೋಲೆ ಕಳಿಸಿದ್ದು ಆ ಕಾಮನ್ ಐಡಿಗೇ.

9 ಸೆಪ್ಟೆಂಬರ್, ರಾತ್ರಿ

ಈ ಅರ್ಧಮರ್ಧ ವ್ಯವಸ್ಥೆಗೆ ಹೈಬ್ರಿಡ್ ಎಂಬ ದೊಡ್ಡ ಹೆಸರು. ನಮ್ಮಲ್ಲಿ ಅದು ಆದದ್ದು ಆಡಳಿತ ಮಂಡಳಿಯ ಠರಾವಿನಿಂದ. ನೌಕರರ ಸ್ವಂತ ಮೇಲ್ ಕ್ಲೌಡಿಗೆ ಹೋಗಲಿ, ಸಾಲದ್ದು, ದೂರಿನದ್ದು, ಶಾಖೆಗಳದ್ದು ಇಲ್ಲೇ ಇರಲಿ. ಸೆಕ್ರೆಟರಿ ಸರ್ ಪಟ್ಟು ಹಿಡಿದರು: 'ಸಂಘದ ಪತ್ರ ಸಂಘದ ಮನ್ಯಾಗ ಇರಬೇಕು.' ಹಿಂದೆಯೇ ಕಣಗಿನಹಾಳ ಬಂತು. 1905ರಲ್ಲಿ ಸಿದ್ದನಗೌಡ ಪಾಟೀಲರು ನಮ್ಮ ಗದಗ ತಾಲೂಕಿನ ಆ ಊರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು ಎನ್ನುವುದು ಅವರ ಬಾಯಲ್ಲಿ ಬಾರದ ಸಭೆಯಿಲ್ಲ. ಕಣಗಿನಹಾಳಕ್ಕೂ ಎಕ್ಸ್‌ಚೇಂಜ್ ಸರ್ವರಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ನಮ್ಮದು ಎಕ್ಸ್‌ಚೇಂಜ್ 2016. ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸುತ್ತದೆ. 2019ರದ್ದೂ ಅದೇ ದಿನ. ಆಮೇಲೆ ಭದ್ರತೆಯಲ್ಲಿ ತೂತು ಕಂಡರೂ ತೇಪೆ ಬರುವುದಿಲ್ಲ. ದುಡ್ಡು ಕಟ್ಟಿದವರಿಗೆ ಮಾತ್ರ ಇನ್ನಾರು ತಿಂಗಳು. ಜುಲೈನಲ್ಲಿ ಬಂದ ಸಬ್‌ಸ್ಕ್ರಿಪ್ಷನ್ ಎಡಿಷನ್‌ಗೆ ಹೋಗಬೇಕೆಂದರೆ ಹೊಸ ಯಂತ್ರ, ಹೊಸ ಲೈಸೆನ್ಸು. ಮಂಡಳಿ ಅದಕ್ಕೂ ಒಪ್ಪಿಲ್ಲ.

ಹಳೆ ತಿಜೋರಿ ಕೋಣೆಯಲ್ಲಿ ಸರ್ವರ್ ಇದೆ. ಕಬ್ಬಿಣದ ಬಾಗಿಲು, ಒಳಗೆ ಎಸಿ. ಸೆಕೆಗಾಲದಲ್ಲಿ ಅಕೌಂಟ್ಸಿನವರು ಏನಾದರೊಂದು ನೆಪ ಮಾಡಿ ಒಳಗೆ ಬರುತ್ತಾರೆ.

11 ಸೆಪ್ಟೆಂಬರ್, ಗುರುವಾರ

ಇವತ್ತು ಬೆಟಗೇರಿ. ಡಬ್ಬಿ ತೆರೆಯುತ್ತದೆ, ಪತ್ರ ಓದಬಹುದು, ಉತ್ತರ ಹೋಗುವುದಿಲ್ಲ. 'ಇವರ ಹೆಸರಿನಲ್ಲಿ ಕಳಿಸಲು ನಿಮಗೆ ಅನುಮತಿಯಿಲ್ಲ' ಎಂದು ಬೌನ್ಸ್ ಆಗಿ ಬರುತ್ತದೆ. ಶಾಖೆಯ ಹುಡುಗನಿಗೆ ಅವಮಾನವಾದಂತಾಗಿದೆ. 'ನಾನೇನ್ ಕಳ್ಳನೇನ್ರಿ?'

ಫುಲ್ ಆಕ್ಸೆಸ್ ಬೇರೆ, ಸೆಂಡ್ ಆ್ಯಸ್ ಬೇರೆ. ತಿಜೋರಿ ಕೀಲಿ ಕೈಯಲ್ಲಿದ್ದ ಮಾತ್ರಕ್ಕೆ ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಬರುವುದಿಲ್ಲ ಎಂದು ಹೇಳಿದೆ. ಬ್ಯಾಂಕಿನ ಹುಡುಗ, ತಕ್ಷಣ ತಿಳಿಯಿತು. ಮುಂದಿನ ಪ್ರಶ್ನೆಯೂ ಬಂತು. 'ಸಹಿ ಅಧಿಕಾರ ನನಗ ಇತ್ತಲ್ರಿ ಮೊದಲ?'

ಇತ್ತು, ಇಲ್ಲಿಯ ಸರ್ವರಿನಲ್ಲಿ. ಅರ್ಧ ಗಂಟೆಗೊಮ್ಮೆ ಇಲ್ಲಿಂದ ಕ್ಲೌಡಿಗೆ ಹೆಸರು, ವಿಳಾಸ, ಗುಂಪು ಎಲ್ಲ ಸಿಂಕ್ ಆಗುತ್ತವೆ. ಸೆಂಡ್ ಆ್ಯಸ್ ಆಗುವುದಿಲ್ಲ. ಇಲ್ಲಿ ಒಂದು ಕಮಾಂಡು, ಅಲ್ಲಿ ಇನ್ನೊಂದು ಕಮಾಂಡು ಕೊಟ್ಟು ಎರಡೂ ಕಡೆ ಬರೆಯಬೇಕು. ಒಂದು ಕಡೆ ಮರೆತರೆ ಓದುವುದೊಂದೇ ಗತಿ.

ಹುಬ್ಬಳ್ಳಿಯ ವೆಂಡರ್ ಹುಡುಗನಿಗೆ ಫೋನ್ ಮಾಡಿದರೆ, 'ಮೇಡಂ, ಸಿಂಕ್ ಆಗ್ತದ, ವೇಟ್ ಮಾಡ್ರಿ' ಎಂದ. ಕಾಯಲಿಲ್ಲ. ಎರಡೂ ಕಡೆ ನಾನೇ ಕೊಟ್ಟೆ. ಸಂಜೆಯ ಹೊತ್ತಿಗೆ ಬೆಟಗೇರಿಯಿಂದ ಪತ್ರ ಹೊರಟಿತು.

13 ಸೆಪ್ಟೆಂಬರ್, ಎರಡನೇ ಶನಿವಾರ

ರಜೆ. ಅವ್ವನ ಮಂಡಿನೋವು ಜಾಸ್ತಿ. ಔಷಧಿ ಅಂಗಡಿಗೆ ಅವಳ ಖಾತೆಯಿಂದ ಕೊಡೋಣವೆಂದರೆ ಓಟಿಪಿ ಹುಬ್ಬಳ್ಳಿಯಲ್ಲಿರುವ ಅಣ್ಣನ ಫೋನಿಗೆ ಹೋಗುತ್ತದೆ. ಅವನು ಮೀಟಿಂಗಿನಲ್ಲಿದ್ದ. ನಗದು ಕೊಟ್ಟು ಬಂದೆ. ನಂಬರ್ ಬದಲಿಸೋಣವೇ ಎಂದರೆ ಅವ್ವ, 'ಅಂವ ಏನಂದಾನು' ಎಂದಳು.

ಓಣಿಯಲ್ಲಿ ಮಗ್ಗ ಬೆಳಗಿನಿಂದ ನಿಂತಿಲ್ಲ. ಆರ್ಡರ್ ಬಂದಿರಬೇಕು. ಒಳ್ಳೆಯದು.

16 ಸೆಪ್ಟೆಂಬರ್, ಮಂಗಳವಾರ

ಶಿರಹಟ್ಟಿ. ಮಳೆ. ಫಕೀರೇಶ್ವರ ಮಠದ ಮುಂದೆ ಬಸ್ ಇಳಿದು ನಡೆದೆ. ಮಠದೊಳಗೆ ಒಂದೇ ಗದ್ದುಗೆಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಹೊರಗೆ ಛತ್ರಿ ಮಾರುವವನ ಜತೆ ಇಬ್ಬರು ಹೆಂಗಸರು ಜೋರು ಚೌಕಾಸಿ ನಡೆಸಿದ್ದರು.

ಶಾಖೆಯಲ್ಲಿ ಕಾಮನ್ ಐಡಿಯ ಪಾಸ್‌ವರ್ಡು ಗದಗಿನಲ್ಲೇ ಅಚ್ಚಾದ ಕ್ಯಾಲೆಂಡರಿನ ಮೇಲೆ, ಅಮಾವಾಸ್ಯೆಯ ಚೌಕದಲ್ಲಿ ಪೆನ್ಸಿಲ್ಲಿನಿಂದ ಬರೆದಿದೆ. ಪ್ರತಿ ವರ್ಷ ಹೊಸ ಕ್ಯಾಲೆಂಡರ್ ಬಂದಾಗ ಪ್ಯೂನ್ ಅದನ್ನು ನಕಲು ಮಾಡುತ್ತಾನಂತೆ. ಬಹಳ ಶ್ರದ್ಧೆಯ ಮನುಷ್ಯ.

ಶೇರ್ಡ್ ಮೇಲ್‌ಬಾಕ್ಸಿಗೆ ಪಾಸ್‌ವರ್ಡೇ ಇರಬಾರದು. ಇದ್ದರೂ ಯಾರಿಗೂ ಗೊತ್ತಿರಬಾರದು, ಅದರ ಲಾಗಿನ್ ಮುಚ್ಚಿರಬೇಕು. ಪ್ರತಿಯೊಬ್ಬರೂ ತಮ್ಮ ಹೆಸರಿನಿಂದಲೇ ಒಳಗೆ ಹೋಗಬೇಕು. ಆಗ ಯಾರು ತೆರೆದರು, ಯಾರು ಅಳಿಸಿದರು, ಯಾರು ಕಳಿಸಿದರು ಎಂದು ದಾಖಲೆಯಲ್ಲಿ ಉಳಿಯುತ್ತದೆ. ಪಾಸ್‌ವರ್ಡ್ ಹಾಕಿ ಹೋದವರೆಲ್ಲ ದಾಖಲೆಯಲ್ಲಿ 'ಶಿರಹಟ್ಟಿ ಶಾಖೆ' ಎಂಬ ಒಬ್ಬನೇ ವ್ಯಕ್ತಿ.

ಇನ್ನೊಂದು ಸಿಕ್ಕಿತು. ಶಿರಹಟ್ಟಿಯ ಡಬ್ಬಿಗೆ ಹಕ್ಕು ಕೊಟ್ಟಿರುವುದು ಒಂದು ಗುಂಪಿನ ಮೂಲಕ. ಗುಂಪಿನೊಳಗೆ ಲಕ್ಷ್ಮೇಶ್ವರದವರೂ ಇದ್ದಾರೆ. 2018ರಲ್ಲಿ ಲಕ್ಷ್ಮೇಶ್ವರ ಬೇರೆ ತಾಲೂಕಾಯಿತು, ನಮ್ಮ ಶಾಖೆಯೂ ಬೇರೆಯಾಯಿತು, ಬೋರ್ಡು ಬದಲಾಯಿತು, ರಬ್ಬರ್ ಸ್ಟಾಂಪು ಬದಲಾಯಿತು. ಗುಂಪು ಹಾಗೇ ಉಳಿದಿದೆ. ಅಂದಿನಿಂದ ಇಂದಿನವರೆಗೆ ಶಿರಹಟ್ಟಿಯ ಸಾಲದ ಅರ್ಜಿಗಳು ಲಕ್ಷ್ಮೇಶ್ವರಕ್ಕೆ ಕಾಣುತ್ತಿವೆ. ಲಕ್ಷ್ಮೇಶ್ವರದ ಮ್ಯಾನೇಜರನ್ನು ಕೇಳಿದರೆ ನಕ್ಕರು. 'ಓದ್ತೀವ್ರಿ. ಹಬ್ಬಕ್ಕೊಮ್ಮೆ.'

ಆ ಗುಂಪಿಗೆ ಮೇಲ್ ವಿಳಾಸವಿಲ್ಲ. ಹಾಗಾಗಿ ಡಬ್ಬಿ ಕ್ಲೌಡಿಗೆ ಹೋದ ದಿನ ಈ ಹಕ್ಕು ಜತೆಗೆ ಹೋಗುವುದೂ ಇಲ್ಲ. ಬರೆದಿಟ್ಟುಕೊಂಡೆ.

18 ಸೆಪ್ಟೆಂಬರ್, ಗುರುವಾರ, ಮಧ್ಯಾಹ್ನ

ಸರ್ವರಿಗೆ ಜೋಡಣೆಯಾದ ಮೊಬೈಲುಗಳ ಪಟ್ಟಿ ತೆಗೆದೆ. ಯಾವ ಡಬ್ಬಿ, ಯಾವ ಫೋನು, ಕೊನೆಯ ಸಿಂಕ್ ಯಾವಾಗ. ಬಹಳಷ್ಟು ಸತ್ತ ಫೋನುಗಳು, 2019ರ ಆಚೆ ಬರದೇ ಇರುವವು.

ಮುಂಡರಗಿಯ ಕಾಮನ್ ಐಡಿಗೆ ಒಂದು ಫೋನ್. ಕೊನೆಯ ಸಿಂಕ್ ಇವತ್ತು ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಶಾಖೆ ತೆರೆಯುವುದು ಹತ್ತಕ್ಕೆ. ಆ ಮಾದರಿಯ ಫೋನು ಮುಂಡರಗಿ ಶಾಖೆಯಲ್ಲಿ ಯಾರ ಹತ್ತಿರವೂ ಇಲ್ಲ.

ಸಂಜೆ

ಕೈ ತಣ್ಣಗಾಗಿತ್ತು. ಹೊರಗಿನವನು ಯಾರೋ ಒಳಗೆ ಕೂತಿದ್ದಾನೆ ಎಂದೇ ಅಂದುಕೊಂಡೆ. ಕಳಿಸಿದ ಪತ್ರಗಳ ಫೋಲ್ಡರ್ ನೋಡಿದೆ. ಬೆಳಿಗ್ಗೆ ಆರು-ಏಳರ ನಡುವೆ ಕಳಿಸಿದ ಉತ್ತರಗಳು. ಮೋಸದ ಲಿಂಕಿಲ್ಲ, ದುಡ್ಡಿನ ಬೇಡಿಕೆಯಿಲ್ಲ. 'ನಿಮ್ಮ ತಂದೆಯವರ ಬೆಳೆಸಾಲದ ನವೀಕರಣಕ್ಕೆ ಪಹಣಿ ತರಬೇಕು. ಮಳೆ ನಿಂತ ಮೇಲೆ ಬನ್ನಿ. ತಾಯಿಯವರ ಆರೋಗ್ಯ ಹೇಗಿದೆ?' ಕೆಳಗೆ 'ಶಾಖಾ ವ್ಯವಸ್ಥಾಪಕರು'.

ಯಾವ ಹ್ಯಾಕರ್ ತಾಯಿಯ ಆರೋಗ್ಯ ಕೇಳುತ್ತಾನೆ?

19 ಸೆಪ್ಟೆಂಬರ್

ಮುಂಡರಗಿ ಮ್ಯಾನೇಜರಿಗೆ ಫೋನ್ ಮಾಡಿದೆ. ಎರಡು ಸಲ ಕಟ್ ಮಾಡಿದರು. ಮೂರನೇ ಸಲ ಎತ್ತಿ, 'ಮೇಡಂ, ಅದು ನಮ್ಮ ಸರ್ ರಿ' ಎಂದರು. ನಿವೃತ್ತರಾದ ಹಿಂದಿನ ಮ್ಯಾನೇಜರ್. ಬೀಳ್ಕೊಡುಗೆಗೆ ನಾನೂ ಹೋಗಿದ್ದೆ. ಶಾಲು, ಹಾರ, ಗೋಡೆ ಗಡಿಯಾರ. ಆ ದಿನ ಅವರ ಸ್ವಂತ ಐಡಿಯನ್ನು ನಿಯಮದ ಪ್ರಕಾರ ಮುಚ್ಚಿದೆವು. ಕಾಮನ್ ಐಡಿ ಅವರ ಫೋನಿನಲ್ಲಿ ಉಳಿಯಿತು.

'ಸರ್ ಇರೋದಕ್ಕ ಅರ್ಧ ಕೆಲಸ ಹಗುರ ಆಗೈತ್ರಿ,' ಎಂದು ಹೊಸ ಮ್ಯಾನೇಜರ್ ಸೇರಿಸಿದರು.

23 ಸೆಪ್ಟೆಂಬರ್, ಮಂಗಳವಾರ, ಮುಂಡರಗಿ

ನವರಾತ್ರಿ ಶುರುವಾಗಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಕಪ್ಪತಗುಡ್ಡದ ಮೇಲೆ ಮೋಡ, ಗಾಳಿಯಂತ್ರಗಳು ಒಂದಷ್ಟು ತಿರುಗುತ್ತಿದ್ದವು, ಒಂದಷ್ಟು ನಿಂತಿದ್ದವು. ಹೊಲಗಳಲ್ಲಿ ಗೋವಿನಜೋಳ ಆಳೆತ್ತರ.

ಶಾಖೆಯ ಕೆಲಸ ಮುಗಿಸಿ ಸರ್ ಮನೆಗೆ ಹೋದೆ. ಓಣಿಯಲ್ಲಿ ನಿನ್ನೆಯಷ್ಟೇ ಶುರುವಾದ ಜಾತಿ ಸಮೀಕ್ಷೆಯ ಮೇಷ್ಟ್ರು ಮನೆ ಮನೆ ತಿರುಗುತ್ತಿದ್ದರು. ಸರ್ ಕಟ್ಟೆಯ ಮೇಲೆ ಕೂತಿದ್ದರು. ನಾನು ಯಾಕೆ ಬಂದೆನೆಂದು ಅವರಿಗೆ ತಿಳಿದಿತ್ತು. ಮ್ಯಾನೇಜರ್ ಹೇಳಿರಬೇಕು.

'ಬಾ ತಂಗಿ. ಚಹಾ ಕುಡದು ಬೈಯುವಂತಿ.'

ಬೈಯಲಿಲ್ಲ. ಫೋನ್ ತೋರಿಸಿದರು. ಗಾಜು ಒಡೆದಿದೆ, ಸೆಲ್ಲೋಟೇಪ್ ಹಚ್ಚಿದ್ದಾರೆ. ಬರೆಯುವವರು ಹೆಚ್ಚಾಗಿ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳು. ಅಪ್ಪನಿಗೆ ಓದಲು ಬರುವುದಿಲ್ಲ, ನೋಟಿಸಿನ ಫೋಟೋ ತೆಗೆದು ಯಾರೋ ಕಳಿಸಿರುತ್ತಾರೆ, ಅದನ್ನೇ ಮೇಲಿಗೆ ಅಂಟಿಸಿ 'ಇದೇನ್ರಿ ಸರ್' ಎಂದು ಕೇಳುತ್ತಾರೆ. ಒಂದು ಪತ್ರ ಓದಿ ತೋರಿಸಿದರು. ಬರೆದವನು ಹೆಸರೇ ಹಾಕಿಲ್ಲ. 'ಇಂವ ಡಂಬಳದಾಂವ. ಇವರಪ್ಪಗ ಎತ್ತಿನ ಸಾಲ ನಾನ ಕೊಟ್ಟಿದ್ದೆ.' ಹೆಸರಿಲ್ಲದೆ ಹೇಗೆ ಗುರುತು ಸಿಕ್ಕಿತು ಎಂದು ಕೇಳಿದೆ. ನೋಟಿಸಿನ ಫೋಟೋದಲ್ಲಿ ಹಿಂದಿನ ಗೋಡೆ ಕಾಣುತ್ತದಂತೆ. ಆ ಗೋಡೆಯ ಬಣ್ಣ ಅವರಿಗೆ ಗೊತ್ತು.

ನಿಯಮ ಹೇಳಿದೆ. ಗ್ರಾಹಕರ ಮಾಹಿತಿ, ಹೊರಗಿನವರು ಓದುವಂತಿಲ್ಲ, 2023ರಲ್ಲಿ ಕಾಯ್ದೆಯೂ ಬಂದಿದೆ. ಹೊರಗಿನವರು ಎಂದಾಗ ಅವರ ಹೆಂಡತಿ ಒಳಗಿನಿಂದ ತಲೆ ಹಾಕಿ ನೋಡಿದರು. ನಾನು ಚಹಾ ಕುಡಿದೆ.

'ಯಾವಾಗ ಬಂದ್ ಮಾಡ್ತಿ?' 'ಗೊತ್ತಿಲ್ರಿ ಸರ್. ಮ್ಯಾಲಿನವರನ್ನ ಕೇಳ್ತೀನಿ.'

24 ಸೆಪ್ಟೆಂಬರ್

ಸೆಕ್ರೆಟರಿ ಸರ್‌ಗೆ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. 'ಅವರು ನಮ್ಮ ಮನಿ ಮನುಷ್ಯಾರು. ಇರವಲ್ರ್ಯಾಕ' ಎಂದರು. ಪತ್ರ ಸಂಘದ ಮನೆಯಲ್ಲೇ ಇರಬೇಕೆಂದವರು ಇವರೇ. ಮುಂಡರಗಿಯ ಕಟ್ಟೆಯ ಮೇಲೆ ಸೆಲ್ಲೋಟೇಪ್ ಹಚ್ಚಿದ ಫೋನಿನಲ್ಲಿ ಇದ್ದರೆ ಅದು ಮನೆ, ಡೇಟಾ ಸೆಂಟರಿನಲ್ಲಿ ಇದ್ದರೆ ಪರವೂರು.

ನನಗೂ ಖಚಿತವಿಲ್ಲ. ಆ ಉತ್ತರಗಳು ಶಾಖೆಯವರು ಬರೆಯುವುದಕ್ಕಿಂತ ಚೆನ್ನಾಗಿವೆ.

25 ಸೆಪ್ಟೆಂಬರ್, ಗುರುವಾರ

ಮುಂಡರಗಿಯಲ್ಲಿ ಗಲಾಟೆ. ಒಬ್ಬ ಗ್ರಾಹಕನಿಗೆ ಒಂದೇ ವಿಳಾಸದಿಂದ ಎರಡು ಉತ್ತರ. ಬೆಳಿಗ್ಗೆ ಬಂದದ್ದರಲ್ಲಿ 'ಬಾಕಿ ತೀರಿದೆ, ಬೇಬಾಕಿ ಪತ್ರ ಒಯ್ಯಿರಿ'. ಮಧ್ಯಾಹ್ನ ಬಂದದ್ದರಲ್ಲಿ 'ಬಡ್ಡಿ ಬಾಕಿ ಇದೆ'. ಮೊದಲನೆಯದು ಸರ್ ಬರೆದದ್ದು, ನೆನಪಿನಿಂದ. ಎರಡನೆಯದು ಗುಮಾಸ್ತ ಲೆಡ್ಜರ್ ನೋಡಿ ಬರೆದದ್ದು. ಲೆಡ್ಜರೇ ಸರಿ. ಆದರೆ ಗ್ರಾಹಕ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಟಿಕೆಟ್ ತೆಗೆಸಿಬಿಟ್ಟಿದ್ದಾನೆ.

ಸರ್ ಡಬ್ಬಿಯ ಪಾಸ್‌ವರ್ಡಿನಿಂದಲೇ ಕಳಿಸುವುದರಿಂದ ಅವರ ಉತ್ತರದ ಪ್ರತಿ ಡಬ್ಬಿಯ ಸೆಂಟ್ ಫೋಲ್ಡರಿನಲ್ಲೇ ಉಳಿಯುತ್ತದೆ. ಗುಮಾಸ್ತ ಕಳಿಸಿದ್ದು ಸೆಂಡ್ ಆ್ಯಸ್ ಮೂಲಕ. ಅದರ ಪ್ರತಿ ಹೋಗಿ ಬೀಳುವುದು ಅವನ ಸ್ವಂತ ಸೆಂಟ್ ಫೋಲ್ಡರಿಗೆ. ಆದ್ದರಿಂದ ಅವನು ಬರೆದದ್ದು ಉಳಿದವರಿಗೆ ಎಂದೂ ಕಾಣುವುದಿಲ್ಲ. ಅದರ ಒಂದು ಪ್ರತಿ ಡಬ್ಬಿಯಲ್ಲೂ ಉಳಿಯುವಂತೆ ಮಾಡುವ ಸೆಟ್ಟಿಂಗ್ ಇದೆ. ಎರಡು ಕಡೆ ಒಡೆದು ಕೂತಿರುವಾಗ ಅದನ್ನು ನೆಚ್ಚುವ ಧೈರ್ಯ ನನಗಿಲ್ಲ.

ಪಾಸ್‌ವರ್ಡ್ ಬದಲಿಸಲು ಇವತ್ತೇ ಅನುಮತಿ ಕೇಳಿದೆ, ಬರವಣಿಗೆಯಲ್ಲಿ. ಸೆಕ್ರೆಟರಿ ಸರ್ ಉತ್ತರ: 'ದಸರಾ ಮುಗೀಲಿ.'

1 ಅಕ್ಟೋಬರ್, ಬುಧವಾರ, ಆಯುಧಪೂಜೆ

ಸರ್ವರಿಗೂ ಅರಿಶಿನ-ಕುಂಕುಮ, ಚೆಂಡುಹೂವಿನ ಮಾಲೆ. ಲೋಬಾನ ಒಳಗೆ ಬೇಡ ಎಂದು ಬಾಗಿಲಿಗೆ ಅಡ್ಡ ನಿಂತೆ. ಹೊಗೆಯ ಅಲಾರಂ ಇದೆ. ಪೂಜಾರಪ್ಪ ಹೊರಗಿನಿಂದಲೇ ಆರತಿ ಎತ್ತಿದರು. ಇನ್ನು ಹದಿಮೂರು ದಿನಕ್ಕೆ ಬೆಂಬಲ ಮುಗಿಯುವ ಯಂತ್ರಕ್ಕೆ ಕುಂಬಳಕಾಯಿ ಒಡೆದದ್ದು ನೋಡಿ ವೆಂಡರ್ ಹುಡುಗ ನಗುತ್ತಿದ್ದ. ಪೂಜೆಯ ಖರ್ಚು ಕಚೇರಿಯ ಸಾದಿಲ್ವಾರು ಲೆಕ್ಕದಲ್ಲಿ.

2 ಅಕ್ಟೋಬರ್, ದಸರಾ

ಸಂಜೆ ವೀರನಾರಾಯಣ ಗುಡಿಯ ಹತ್ತಿರ ಮುಂಡರಗಿ ಸರ್ ಎದುರಾದರು, ಹೆಂಡತಿ ಜತೆಗೆ. ಮಗಳ ಮನೆ ಇಲ್ಲೇ ಇದೆಯಂತೆ. 'ಬನ್ನಿ ತಗೊಂಡು ಬಂಗಾರದಂಗ ಇರೂನು' ಎಂದು ಕೈಗೆ ಬನ್ನಿ ಕೊಟ್ಟರು. ನಾನೂ ಕೊಟ್ಟು ಕಾಲಿಗೆ ಬಿದ್ದೆ. ಡಬ್ಬಿಯ ಮಾತು ಇಬ್ಬರೂ ಎತ್ತಲಿಲ್ಲ. ಇವತ್ತು ಬೆಳಿಗ್ಗೆಯೂ 6-05ಕ್ಕೆ ಸಿಂಕ್ ಆಗಿದೆ. ರಜೆಯ ದಿನವೂ ನಾನು ನೋಡಿದ್ದೆ.

7 ಅಕ್ಟೋಬರ್, ಮಂಗಳವಾರ

ವಾಲ್ಮೀಕಿ ಜಯಂತಿ, ರಜೆ. ಅಣ್ಣ ಬಂದಿದ್ದ. ಅವ್ವನ ಖಾತೆಯ ನಂಬರ್ ಬದಲಿಸೋಣ ಎಂದೆ. 'ಯಾಕ, ನನ್ನ ಮ್ಯಾಲ ನಂಬಿಕಿ ಇಲ್ಲನು?' ಎಂದ. ಊಟಕ್ಕೆ ಬಡಿಸಿದೆ. ಕಡುಬು ಚೆನ್ನಾಗಿತ್ತು. ನಂಬರ್ ಹಾಗೇ ಇದೆ.

9 ಅಕ್ಟೋಬರ್, ಗುರುವಾರ

ಇದನ್ನು ನಾನು ಊಹಿಸಿರಲಿಲ್ಲ. ಸೆಕ್ರೆಟರಿ ಸರ್ ಪೇಪರ್ ಹಿಡಿದುಕೊಂಡೇ ನನ್ನ ಟೇಬಲ್ಲಿಗೆ ಬಂದರು. ಗೃಹಸಚಿವ ಅಮಿತ್ ಶಾ ತಮ್ಮ ಮೇಲ್ ವಿಳಾಸವನ್ನು ಜೋಹೋಗೆ ಬದಲಿಸಿಕೊಂಡಿದ್ದಾರೆ. ಕೇಂದ್ರ ನೌಕರರ ಮೇಲ್ ಸರ್ಕಾರದ್ದೇ ಆದ ಎನ್‌ಐಸಿಯ ವ್ಯವಸ್ಥೆಯಿಂದ ಅದೇ ಕಂಪನಿಯ ಕ್ಲೌಡಿಗೆ ಹೋಗಿದೆ. 'ದಿಲ್ಲಿಯವರ ಪತ್ರನ ಹೊರಗ ಹೋದಮ್ಯಾಲ ನಮ್ಮದೇನು?'

ನಾವು ಹೋಗುತ್ತಿರುವುದು ಜೋಹೋಗೆ ಅಲ್ಲ ಸರ್ ಎಂದೆ. ಮೈಕ್ರೋಸಾಫ್ಟಿನ ಭಾರತದ ಡೇಟಾ ಸೆಂಟರುಗಳು 2015ರಿಂದ ಪುಣೆ, ಮುಂಬೈ, ಚೆನ್ನೈಗಳಲ್ಲಿವೆ ಎಂದೂ ಹೇಳಿದೆ. ಪುಣೆ ಎಂದ ಕೂಡಲೇ ಮುಖ ಸಡಿಲವಾಯಿತು. ಅವರ ಅಳಿಯ ಪುಣೆಯಲ್ಲಿದ್ದಾನೆ.

ಕಾಮನ್ ಐಡಿಗಳನ್ನೂ ಕ್ಲೌಡಿಗೆ ಕಳಿಸುವ ನನ್ನ ಟಿಪ್ಪಣಿಗೆ ಸಹಿ. ಎಲ್ಲ ಕಾಮನ್ ಐಡಿಗಳೂ ಶನಿವಾರ ರಾತ್ರಿ ಹೊರಡುತ್ತವೆ. ತಿಂಗಳುಗಟ್ಟಲೆ ನಾನು ಕೊಟ್ಟ ಕಾರಣಗಳಲ್ಲಿ ಒಂದೂ ಕೆಲಸ ಮಾಡಿರಲಿಲ್ಲ.

10 ಅಕ್ಟೋಬರ್

ಪಟ್ಟಿ ತೆಗೆಯುವುದೇ ನಿಜವಾದ ಕೆಲಸ. ಸಾಗಿಸುವುದನ್ನು ಯಂತ್ರ ಮಾಡುತ್ತದೆ.

ಪ್ರತಿ ಡಬ್ಬಿಗೆ: ಯಾರು ಓದಬಹುದು, ಯಾರು ಅದರ ಹೆಸರಿನಲ್ಲಿ ಬರೆಯಬಹುದು, ಯಾರ ಕೇಳಿಕೆಯ ಮೇಲೆ ಕೊಟ್ಟದ್ದು. ಮೂರನೆಯದಕ್ಕೆ ಎಲ್ಲಿಯೂ ಉತ್ತರವಿಲ್ಲ. ಸಾಲದ ಡಬ್ಬಿಯ ಪಟ್ಟಿಯಲ್ಲಿ ಕೆಲಸ ಬಿಟ್ಟವರು, ವರ್ಗವಾದವರು, ಒಬ್ಬರು ತೀರಿಕೊಂಡವರು. ಅವರ ಹೆಸರು ತೆಗೆಯುವಾಗ ಒಂದು ಗಳಿಗೆ ಕೈ ನಿಂತಿತು. ನನಗೆ ಟ್ಯಾಲಿ ಕಲಿಸಿದವರು.

ಶಿರಹಟ್ಟಿಯ ಹಳೆ ಗುಂಪು ಕೈಬಿಟ್ಟೆ. ಗುಂಪಿಗೆ ಹಕ್ಕು ಕೊಟ್ಟರೆ ಆಟೋಮ್ಯಾಪಿಂಗ್ ಹೇಗೂ ಆಗುವುದಿಲ್ಲ. ಹೆಸರು ಹೆಸರಾಗಿ ಕೊಟ್ಟೆ. ಲಕ್ಷ್ಮೇಶ್ವರದವರು ಇನ್ನು ಹಬ್ಬಕ್ಕೊಮ್ಮೆ ಓದುವಂತಿಲ್ಲ.

ಎಲ್ಲವನ್ನೂ ಶೇರ್ಡ್ ಎಂದು ಬದಲಿಸಿದೆ. ಶೇರ್ಡ್ ಆದರೆ 50 ಜಿಬಿಯವರೆಗೆ ಲೈಸೆನ್ಸ್ ಬೇಡ. ಸಾಲದ ಡಬ್ಬಿ ಎಲ್ಲಕ್ಕಿಂತ ದೊಡ್ಡದು, ಅದೂ ಅಷ್ಟು ಮುಟ್ಟಿಲ್ಲ. ಅಕೌಂಟ್ಸಿನವರು ಉಳಿತಾಯದ ಲೆಕ್ಕ ಕೇಳಿ, ಮೊದಲೇ ಯಾಕೆ ಮಾಡಲಿಲ್ಲ ಎಂದರು. ಠರಾವು ತೋರಿಸಿದೆ.

11 ಅಕ್ಟೋಬರ್, ಶನಿವಾರ, ರಾತ್ರಿ 11

ಬ್ಯಾಚ್ ಶುರು. ಹೆಡ್ ಆಫೀಸಿನಲ್ಲಿ ಉಳಿದವರ ಸ್ವಂತ ಮೇಲ್‌ಬಾಕ್ಸುಗಳನ್ನೂ ಅದೇ ಬ್ಯಾಚಿಗೆ ಸೇರಿಸಿದೆ. ಡಬ್ಬಿ ಮತ್ತು ಅದನ್ನು ಬಳಸುವವರು ಒಟ್ಟಿಗೇ ಹೋಗಬೇಕು. ಬೆಟಗೇರಿ-ಲಕ್ಷ್ಮೇಶ್ವರದ ತಾಪತ್ರಯವೆಲ್ಲ ಅವರನ್ನು ಬೇರೆ ಬೇರೆ ಕಳಿಸಿದ್ದರಿಂದಲೇ ಬಂದದ್ದು.

ರಾತ್ರಿ 1-40

ಕರೆಂಟ್ ಹೋಯಿತು. ಯುಪಿಎಸ್ ಇದೆ, ಆದರೆ ಲೈನ್ ಬಿದ್ದಿದೆ. ವೆಂಡರ್ ಹುಡುಗ ನಿದ್ದೆಗಣ್ಣಲ್ಲಿ 'ಎಲ್ಲಾ ಮೊದಲಿಂದ ಮಾಡಬೇಕಾ?' ಎಂದ. ಬೇಡ. ನಿಂತಲ್ಲಿಂದಲೇ ಮುಂದುವರಿಯುತ್ತದೆ. ಮುಂಡರಗಿಯ ಡಬ್ಬಿ ಅರ್ಧದಾರಿಯಲ್ಲಿದೆ.

ವಾಚ್‌ಮನ್ ಕಾಕಾ ಮಂಡಕ್ಕಿ ತಂದುಕೊಟ್ಟರು.

12 ಅಕ್ಟೋಬರ್, ಭಾನುವಾರ, ಬೆಳಿಗ್ಗೆ

ಐದಕ್ಕೆ ಮುಗಿಯಿತು. ಸೆಂಡ್ ಆ್ಯಸ್ ಎಲ್ಲವನ್ನೂ ಕ್ಲೌಡಿನಲ್ಲಿ ಇನ್ನೊಮ್ಮೆ ಬರೆದೆ. ಪ್ರತಿ ಡಬ್ಬಿಯಲ್ಲಿ ಸೆಂಟ್ ಪ್ರತಿ ಉಳಿಯುವ ಸೆಟ್ಟಿಂಗ್ ಹಾಕಿದೆ. ಲಾಗಿನ್ ಮುಚ್ಚಿದೆ. ಇನ್ನು ಕ್ಯಾಲೆಂಡರಿನ ಮೇಲಿನ ಪಾಸ್‌ವರ್ಡ್ ಯಾವುದನ್ನೂ ತೆರೆಯುವುದಿಲ್ಲ.

ಆರು ಗಂಟೆ ಹತ್ತು ನಿಮಿಷಕ್ಕೆ ಎದ್ದು ಹೊರಗೆ ಹೋದೆ. ಲಾಗ್ ನೋಡಲಿಲ್ಲ.

14 ಅಕ್ಟೋಬರ್, ಮಂಗಳವಾರ

ಆ ದಿನ ಬಂತು. ಏನೂ ಆಗಲಿಲ್ಲ. ಸರ್ವರ್ ಎಂದಿನಂತೆ ಗುಂಯ್ಗುಟ್ಟುತ್ತಿದೆ, ಮಾಲೆಯ ಹೂವು ಒಣಗಿದೆ. ಅದರಲ್ಲೀಗ ಯಾರ ಪತ್ರವೂ ಇಲ್ಲ. ಆದರೂ ಕಿತ್ತುಹಾಕುವಂತಿಲ್ಲ. ಹೆಸರುಗಳ ಡೈರೆಕ್ಟರಿ ಇಲ್ಲಿಂದಲೇ ಸಿಂಕ್ ಆಗುವವರೆಗೆ ಎಕ್ಸ್‌ಚೇಂಜಿನ ಉಪಕರಣಗಳು ಬೇಕು. 2019ರ ಉಪಕರಣಗಳನ್ನು ಬೇರೆ ಯಂತ್ರದಲ್ಲಿ ಹಾಕಿಕೊಂಡರೆ ಇದನ್ನು ಆರಿಸಿಡಬಹುದು, ಅನ್‌ಇನ್‌ಸ್ಟಾಲ್ ಮಾಡಬಾರದು. ಸೆಕ್ರೆಟರಿ ಸರ್‌ಗೆ ಇದು ಖುಷಿ ಕೊಟ್ಟಿತು. 'ಇರಲಿ, ಇರಲಿ.'

16 ಅಕ್ಟೋಬರ್, ಗುರುವಾರ

ಮುಂಡರಗಿಯಿಂದ ಸರ್ ಫೋನು. ಮೊನ್ನೆಯಿಂದ ನಿರೀಕ್ಷಿಸಿದ್ದೆ.

'ತಂಗಿ, ಫೋನು ಪಾಸ್‌ವರ್ಡ್ ಕೇಳಾಕತ್ತೈತಿ. ಹಾಕಿದ್ರ ತಪ್ಪು ಅಂತೈತಿ.'

ತಪ್ಪಲ್ಲ, ಮುಚ್ಚಿದೆ ಎಂದು ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ಆತು ಬಿಡು. ಒಂದು ಬರಕೋ' ಎಂದರು. ಬರೆದುಕೊಂಡೆ. ಗೋವಾದ ಹುಡುಗನೊಬ್ಬ ತಿಂಗಳ ಕೊನೆಗೆ ಬರೆಯುತ್ತಾನೆ, ಅವರವ್ವನ ಠೇವಣಿಯ ಬಡ್ಡಿ ಕೇಳುತ್ತಾನೆ, ಇಂಗ್ಲಿಷಿನಲ್ಲಿ ಉತ್ತರ ಕೊಡಬಾರದು. ಕೊರ್ಲಹಳ್ಳಿ ಕಡೆಯ ಒಬ್ಬಾಕೆಯ ಪತ್ರ ಬಂದರೆ ಗಂಡನಿಗೆ ಫೋನ್ ಮಾಡಬಾರದು, ಅವಳ ತಮ್ಮನಿಗೆ ಮಾಡಬೇಕು. ಹೀಗೆ ಎರಡು ಪುಟ.

ಇದನ್ನು ಯಾವ ಫೋಲ್ಡರಿನಲ್ಲಿ ಹಾಕಬೇಕೋ ತಿಳಿಯದೆ ಮುಂಡರಗಿ ಮ್ಯಾನೇಜರಿಗೆ ಕೈಬರಹದಲ್ಲೇ ಕಳಿಸಿದೆ, ಆಫೀಸಿನ ಟಪಾಲಿನಲ್ಲಿ.

17 ಅಕ್ಟೋಬರ್, ಶುಕ್ರವಾರ

ಮುಂಡರಗಿಯ ಡಬ್ಬಿಯಲ್ಲಿ ಓದದೆ ಉಳಿದ ಪತ್ರಗಳಿವೆ. ಮೊದಲು ಇರುತ್ತಿರಲಿಲ್ಲ. ಗುಮಾಸ್ತನಿಗೆ ಫೋನ್ ಮಾಡಿದರೆ, 'ಹನ್ನೊಂದರ ಮ್ಯಾಲ ನೋಡ್ತೀನ್ರಿ ಮೇಡಂ, ಕೌಂಟರ್ ರಶ್ ಐತಿ' ಎಂದ. ಅವನದೂ ನಿಜ.

ಸರ್‌ಗೆ ಸಲಹೆಗಾರರೆಂದು ಗೌರವಧನ ಗೊತ್ತುಮಾಡಿ, ಅವರ ಹೆಸರಿನದೇ ಒಂದು ಐಡಿ ಕೊಟ್ಟು, ಡಬ್ಬಿಯನ್ನು ಓದುವ ಹಕ್ಕು ಮಾತ್ರ ಕೊಡಬಹುದೇ ಎಂದು ಟಿಪ್ಪಣಿ ಬರೆದೆ. ಸೆಂಡ್ ಆ್ಯಸ್ ಬೇಡ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದೆ. ಜತೆಗೆ ಇನ್ನೊಂದು ಸಾಲು: ಪ್ರತಿ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಎಲ್ಲ ಕಾಮನ್ ಐಡಿಗಳ ಹಕ್ಕಿನ ಪಟ್ಟಿ ಅಚ್ಚು ಹಾಕಿ ಆಯಾ ಶಾಖೆಯ ಮ್ಯಾನೇಜರ್ ಸಹಿ ಪಡೆಯುವುದು. ಈ ಸಾಲಿಗೆ ಸೆಕ್ರೆಟರಿ ಸರ್ ಅಲ್ಲೇ ಸಹಿ ಹಾಕಿದರು. ಮೊದಲನೆಯದು ಮಂಡಳಿಗೆ ಹೋಗಿದೆ. ಸಭೆ ದೀಪಾವಳಿ ಮುಗಿದ ಮೇಲೆ.